ಮೇಲೆ ಹೋಗದೆ ಮೇಲಿಂದ ಫೋಟೊ ತೆಗೆದವನು

1888ರಲ್ಲಿ ದಕ್ಷಿಣ ಫ್ರಾನ್ಸಿನ ಲಾಬ್ರುಗ್ಯೇರ್ ಎಂಬ ಸಣ್ಣ ಊರಿನ ಮೇಲೆ ಒಂದು ದೊಡ್ಡ ಗಾಳಿಪಟ ಏರಿತು. ಪಟದ ಕಡ್ಡಿಗೆ ಹಗುರವಾದ ಕ್ಯಾಮೆರಾ ಕಟ್ಟಿತ್ತು. ಅದರ ಜೊತೆ ಒಂದು ಬತ್ತಿ ನಿಧಾನವಾಗಿ ಉರಿಯುತ್ತಿತ್ತು. ಕೆಳಗೆ ದಾರ ಹಿಡಿದು ನಿಂತಿದ್ದವನು ಆರ್ಥರ್ ಬಟ್ಯೂ, ಆಗ 42 ವರ್ಷ. ಸ್ಟುಡಿಯೊ ಇಟ್ಟು ಹೊಟ್ಟೆ ಹೊರೆಯುವವನಲ್ಲ, ಫೋಟೊ ಹುಚ್ಚು ಹಿಡಿದವನು.

ಇವತ್ತು ಮದುವೆ ಮಂಟಪದ ಮೇಲೆ ಗುಂಯ್ ಅಂತ ಸುತ್ತುವ ಡ್ರೋನ್‌ಗೆ ಮುತ್ತಜ್ಜ ಯಾರು ಅಂದರೆ ಹೆಚ್ಚಿನವರು ಬಲೂನಿನ ಕಡೆ ಕೈ ತೋರಿಸುತ್ತಾರೆ. ನನ್ನ ಪ್ರಕಾರ ಆ ಗೌರವ ಈ ಪಟಕ್ಕೇ ಸಲ್ಲಬೇಕು. ಬಲೂನಿನಲ್ಲಿ ಮನುಷ್ಯ ಕೂತಿರುತ್ತಿದ್ದ. ಪಟದಲ್ಲಿ ಯಾರೂ ಇರಲಿಲ್ಲ.

ಬಲೂನಿನ ಕಥೆ 30 ವರ್ಷ ಹಿಂದಿನದು. 1858ರಲ್ಲಿ ಪ್ಯಾರಿಸ್‌ನ ಹೆಸರಾಂತ ಫೋಟೊಗ್ರಾಫರ್ ನದಾರ್, ಹಗ್ಗ ಕಟ್ಟಿದ ಬಲೂನಿನಲ್ಲಿ ಕ್ಯಾಮೆರಾ ಹೊತ್ತು ಮೇಲೇರಿದ. ಆಗಿನದು ಹಸಿ ಪ್ಲೇಟಿನ ಕಾಲ. ಗಾಜಿನ ಮೇಲೆ ರಾಸಾಯನಿಕ ಹಚ್ಚಬೇಕು, ಅದು ಒಣಗುವ ಮುಂಚೆ ಫೋಟೊ ತೆಗೆಯಬೇಕು, ಕೂಡಲೇ ತೊಳೆಯಬೇಕು. ಅಂದರೆ ಬಲೂನಿನ ಬುಟ್ಟಿಯೇ ಕತ್ತಲೆ ಕೋಣೆ. ಮೊದಮೊದಲು ಪ್ಲೇಟುಗಳೆಲ್ಲ ಬರೀ ಕಪ್ಪಾಗಿ ಬಂದವು. ಬಲೂನಿನ ಬಾಯಿಂದ ಇಳಿಯುವ ಗ್ಯಾಸ್ ರಾಸಾಯನಿಕವನ್ನು ಕೆಡಿಸುತ್ತಿತ್ತು! ಆ ಬಾಯಿ ಮುಚ್ಚಿದ ಮೇಲೆ ಪ್ಯಾರಿಸ್ ಹತ್ತಿರದ ಒಂದು ಹಳ್ಳಿಯ ಚಿತ್ರ ಸಿಕ್ಕಿತು. ಆ ಚಿತ್ರ ಇವತ್ತು ಉಳಿದಿಲ್ಲ. ಉಳಿದವುಗಳಲ್ಲಿ ಎಲ್ಲಕ್ಕಿಂತ ಹಳೆಯದು ಅಮೆರಿಕದ ಬಾಸ್ಟನ್ ನಗರದ್ದು. 1860ರ ಅಕ್ಟೋಬರ್ 13ರಂದು ಜೇಮ್ಸ್ ವ್ಯಾಲೇಸ್ ಬ್ಲ್ಯಾಕ್ ಅದನ್ನು ಬಲೂನಿನಿಂದ ತೆಗೆದ.

1871ರಲ್ಲಿ ಇಂಗ್ಲೆಂಡಿನ ವೈದ್ಯ ರಿಚರ್ಡ್ ಮ್ಯಾಡಾಕ್ಸ್ ಜೆಲಾಟಿನ್ ಹಚ್ಚಿದ ಒಣ ಪ್ಲೇಟಿನ ದಾರಿ ತೋರಿಸಿದ. ಮನೆಯಲ್ಲೇ ಪ್ಲೇಟ್ ತುಂಬಿಸಿಕೊಂಡು ಹೋಗಬಹುದು, ಆಮೇಲೆ ನಿಧಾನವಾಗಿ ತೊಳೆಯಬಹುದು. ಹಾಗಾದರೆ ಫೋಟೊಗ್ರಾಫರ್ ಮೇಲೆ ಹೋಗಿ ಮಾಡುವ ಕೆಲಸ ಇನ್ನೇನು ಉಳಿಯಿತು? ಗುಂಡಿ ಒತ್ತುವುದು, ಅಷ್ಟೇ.

ಆ ಒಂದು ಕೆಲಸವನ್ನು ಬಟ್ಯೂ ಬತ್ತಿಗೆ ವಹಿಸಿದ. ಪಟ ಬಿಡುವ ಮುಂಚೆ ಬತ್ತಿ ಹಚ್ಚುವುದು. ಪಟ ಏರಿ ನೆಲೆ ನಿಲ್ಲಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಬತ್ತಿ ಉರಿದು ಒಂದು ದಾರವನ್ನು ಸುಡುತ್ತದೆ. ದಾರ ಕಡಿದ ಕೂಡಲೇ ರಬ್ಬರ್ ಎಳೆದು ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲು, ಬೀಳುತ್ತದೆ. ಆಷಾಢದ ಗಾಳಿಯಲ್ಲಿ ಬಾಲಂಗೋಸಿ ಕಟ್ಟಿ ಪಟ ಬಿಟ್ಟವರಿಗೆ ಗೊತ್ತು, ಪಟ ಒಂದು ಕ್ಷಣವೂ ಸುಮ್ನೆ ನಿಲ್ಲುವುದಿಲ್ಲ. ಹಾಗಾಗಿ ಶಟರ್ ಕಣ್ಣೆವೆ ಬಡಿಯುವುದಕ್ಕಿಂತ ಬೇಗ ಬೀಳಬೇಕಿತ್ತು. ಫೋಟೊ ಆಯಿತೋ ಇಲ್ಲವೋ ಅಂತ ಕೆಳಗಿದ್ದವನಿಗೆ ತಿಳಿಯುವುದು ಹೇಗೆ? ಶಟರ್ ಬಿದ್ದ ಕೂಡಲೇ ಮೇಲಿಂದ ಒಂದು ಸಣ್ಣ ಬಾವುಟ ಕೆಳಗಿಳಿಯುತ್ತಿತ್ತು. ಅದು ಕಂಡರೆ ದಾರ ಸುತ್ತಬಹುದು.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ಉಪಾಯ. ಗಾಳಿಯ ಒತ್ತಡ ಅಳೆಯುವ ಒಂದು ಪುಟ್ಟ ಸಾಧನವನ್ನೂ ಆತ ಪಟಕ್ಕೆ ಕಟ್ಟಿದ. ಫೋಟೊ ತೆಗೆದ ಗಳಿಗೆಯಲ್ಲಿ ಪಟ ಎಷ್ಟು ಎತ್ತರದಲ್ಲಿತ್ತು ಅನ್ನುವುದು ಅದರಿಂದ ದಾಖಲಾಗುತ್ತಿತ್ತು. ಎತ್ತರ ಗೊತ್ತಾದರೆ ಅಳತೆ ಗೊತ್ತಾಗುತ್ತದೆ. ಕ್ಯಾಮೆರಾ ನೇರ ಕೆಳಗೆ ನೋಡುತ್ತಿದೆ, ಲೆನ್ಸಿನ ಫೋಕಲ್ ಉದ್ದ (ಅಂದರೆ ಲೆನ್ಸಿನಿಂದ ಪ್ಲೇಟಿಗಿರುವ ದೂರ) 20 ಸೆಂಟಿಮೀಟರ್, ಎತ್ತರ 100 ಮೀಟರ್ ಅಂದುಕೊಳ್ಳಿ. ಆಗ ಚಿತ್ರದ 1 ಸೆಂಟಿಮೀಟರ್ ಅಂದರೆ ನೆಲದ ಮೇಲೆ 5 ಮೀಟರ್. ಚಂದದ ಫೋಟೊ ಅಲ್ಲಿಗೆ ನಕ್ಷೆಯೇ ಆಗಿಬಿಡುತ್ತದೆ, ಅಲ್ವಾ? 1890ರಲ್ಲಿ ಆತ ಈ ವಿಧಾನವನ್ನೆಲ್ಲ ಒಂದು ಸಣ್ಣ ಪುಸ್ತಕದಲ್ಲಿ ಬರೆದು ಹೊರತಂದ. ಯಾರು ಬೇಕಾದರೂ ನೋಡಿ ಮಾಡಿಕೊಳ್ಳಬಹುದಿತ್ತು.

ಅಮೆರಿಕದ ಜಾರ್ಜ್ ಲಾರೆನ್ಸ್ ಪಟದ ದಾರಿಗೆ ಬಂದದ್ದು ಪೆಟ್ಟು ತಿಂದ ಮೇಲೆ. ಇಲಿನಾಯ್ ರಾಜ್ಯದ ಸಣ್ಣ ಊರಿನಿಂದ ಶಿಕಾಗೋಗೆ ಬಂದಿದ್ದ ಈತ 1901ರಲ್ಲಿ ಬಲೂನಿನಿಂದ ಸುಮಾರು 200 ಅಡಿ ಕೆಳಗೆ ಬಿದ್ದ. ನಡುವೆ ಟೆಲಿಫೋನ್ ತಂತಿಗಳು ಸಿಕ್ಕಿದ್ದರಿಂದ ಬದುಕಿದ. ಆಮೇಲೆ ಕ್ಯಾಮೆರಾವನ್ನು ಮಾತ್ರ ಮೇಲೆ ಕಳಿಸತೊಡಗಿದ. 1906ರ ಏಪ್ರಿಲ್ 18ರಂದು ಸ್ಯಾನ್ ಫ್ರಾನ್ಸಿಸ್ಕೊ ಭೂಕಂಪದಲ್ಲಿ ನಲುಗಿ, ಬೆಂಕಿಯಲ್ಲಿ ಬೆಂದುಹೋಯಿತು. ಕೆಲವು ವಾರಗಳ ನಂತರ ಲಾರೆನ್ಸ್ ಸಾಲು ಗಾಳಿಪಟಗಳಿಗೆ ಸುಮಾರು 22 ಕಿಲೊ ತೂಕದ ಕ್ಯಾಮೆರಾ ಕಟ್ಟಿ 2,000 ಅಡಿ ಎತ್ತರಕ್ಕೆ ಏರಿಸಿದ. ಇಲ್ಲಿ ಬತ್ತಿಯ ಬದಲು ವಿದ್ಯುತ್ ತಂತಿ, ಶಟರ್ ಕೆಳಗಿನಿಂದಲೇ ಬೀಳುತ್ತಿತ್ತು. ಪಾಳುಬಿದ್ದ ಇಡೀ ನಗರ ಒಂದೇ ಅಗಲವಾದ ಚಿತ್ರದಲ್ಲಿ ಬಂತು. ಪ್ರತಿಗೆ 125 ಡಾಲರ್ ಬೆಲೆ. ಆ ಕಾಲಕ್ಕೆ ಅದು ಸಣ್ಣ ಹಣವಲ್ಲ.

ಜರ್ಮನಿಯ ಕ್ರೋನ್‌ಬರ್ಗ್ ಎಂಬ ಪುಟ್ಟ ಊರಲ್ಲಿ ಯೂಲಿಯಸ್ ನಾಯ್‌ಬ್ರೊನ್ನರ್ ಎಂಬ ಔಷಧಿ ಅಂಗಡಿಯವನಿದ್ದ. ಔಷಧಿ ಸಾಗಿಸಲು ಪಾರಿವಾಳ ಸಾಕಿಕೊಂಡಿದ್ದ. ಅವುಗಳ ಎದೆಗೇ ಪುಟಾಣಿ ಕ್ಯಾಮೆರಾ ಕಟ್ಟಿ 1908ರಲ್ಲಿ ಪೇಟೆಂಟ್ ಪಡೆದ. ಆ ಫೋಟೊಗಳಲ್ಲೊಂದರ ಎರಡೂ ಅಂಚಿನಲ್ಲಿ ಹಕ್ಕಿಯ ರೆಕ್ಕೆಗಳೇ ಬಂದಿವೆ. ನೋಡಿದರೆ ನಗು ಬರುತ್ತದೆ. ಪಾರಿವಾಳಕ್ಕೆ ಯಾವ ಕಡೆ ಹೋಗು ಅಂತ ಹೇಳುವವರಾರು? ಪಟದ ಹಾಗೆ ದಾರ ಹಿಡಿದು ನಿಲ್ಲಿಸಲಿಕ್ಕೂ ಆಗುವುದಿಲ್ಲ.

ಅಷ್ಟರಲ್ಲಿ ವಿಮಾನ ಬಂತು. ಮೊದಲ ಮಹಾಯುದ್ಧದಲ್ಲಿ ಶತ್ರುವಿನ ಕಂದಕಗಳ ಫೋಟೊ ತೆಗೆಯಲು ಮನುಷ್ಯ ಮತ್ತೆ ಕ್ಯಾಮೆರಾ ಹಿಡಿದು ಮೇಲೆ ಹತ್ತಿದ, ಕೆಳಗಿನಿಂದ ಗುಂಡು ಹಾರುತ್ತಿದ್ದರೂ. ಪಟದವರ ಜಾಣತನ ಹಿಂದೆ ಸರಿಯಿತು, ಆದರೆ ಕೆಟ್ಟುಹೋಗಲಿಲ್ಲ. ಯುದ್ಧಕ್ಕೂ ಮುಂಚೆ, 1912ರಲ್ಲೇ ಫ್ರಾನ್ಸಿನ ಪಿಯೆರ್ ಪಿಕಾವೆ ದಾರಕ್ಕೆ ನೇತುಹಾಕಿದ ಕ್ಯಾಮೆರಾ ಓಲಾಡದಂತೆ ರಾಟೆಗಳ ಜೋಡಣೆ ಮಾಡಿದ. ಪಟದಿಂದ ಫೋಟೊ ತೆಗೆಯುವ ಹವ್ಯಾಸಿಗಳು ಇಂದಿಗೂ ಅದನ್ನೇ ಬಳಸುತ್ತಾರೆ.

ಬಟ್ಯೂ 1918ರಲ್ಲಿ ತೀರಿಕೊಂಡ. ಅವನ ಹೆಸರಿನ ಫೋಟೊ ಮ್ಯೂಸಿಯಂ ಲಾಬ್ರುಗ್ಯೇರ್‌ನಲ್ಲೇ ಇದೆ, ಅವನ ಪಟ ಮೇಲಿಂದ ನೋಡಿದ ಊರಿನಲ್ಲೇ.