ಓದುಗರ ಪ್ರಶ್ನೆ: ಈ ಬಿಲ ಹಾವಿನದೇ?

ಪ್ರಶ್ನೆ: ಹಿತ್ತಲಿನ ಗೋಡೆಯ ಬುಡದಲ್ಲಿ ಮುಷ್ಟಿ ಗಾತ್ರದ ಬಿಲ ಕಾಣಿಸಿದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ. ಇದು ಹಾವು ತೋಡಿದ್ದೇ? ಮುಚ್ಚಿಬಿಡಬಹುದೇ?

ಉತ್ತರ: ಕೇಳುವವರು ಬದಲಾಗುತ್ತಾರೆ, ಪ್ರಶ್ನೆ ಮಾತ್ರ ಅದೇ. ಆದ್ದರಿಂದ ಈ ಸಲ ಕೂಲಂಕಷವಾಗಿ ಹೇಳಿಬಿಡೋಣ. ತೋಡಿದ್ದು ಹಾವಲ್ಲ. ಒಳಗೆ ಈಗ ಹಾವಿದೆಯೋ ಇಲ್ಲವೋ ಎಂಬುದು ಬೇರೆಯೇ ಪ್ರಶ್ನೆ. ಎರಡನ್ನೂ ಒಂದಕ್ಕೊಂದು ಕಲಸಿಕೊಂಡಿರುವುದರಿಂದಲೇ ಇಷ್ಟೆಲ್ಲ ಗಾಬರಿ.

ಬಿಲ ತೋಡುವುದೆಂದರೆ ಮೂರು ಕೆಲಸ: ಮಣ್ಣನ್ನು ಸಡಿಲ ಮಾಡಬೇಕು, ಸಡಿಲಾದದ್ದನ್ನು ಹಿಂದಕ್ಕೆ ಸಾಗಿಸಬೇಕು, ಕೊನೆಗೆ ಹೊರಗೆ ಹಾಕಬೇಕು. ಹೆಗ್ಗಣವನ್ನೇ ನೋಡಿ. ಮುಂಗಾಲಿನ ಉಗುರಿನಿಂದ ಕೆರೆಯುತ್ತದೆ, ಬೇರು ಅಡ್ಡ ಬಂದರೆ ಬಾಚಿಹಲ್ಲಿನಿಂದ ಕಡಿಯುತ್ತದೆ, ಹೊಟ್ಟೆಯಡಿ ಸೇರಿದ ಮಣ್ಣನ್ನು ಹಿಂಗಾಲಿನಿಂದ ಒದ್ದು ಹೊರಗೆ ದಬ್ಬುತ್ತದೆ. ನೆಲದೊಳಗೇ ಬಾಳುವ ಮೋಲ್ ಎಂಬ ಪ್ರಾಣಿಗೆ ಸಲಿಕೆಯಂಥ ಅಂಗೈ ಸಾಲದೆಂದು ಹೆಬ್ಬೆರಳಿನ ಪಕ್ಕ ಕುಡುಗೋಲಿನಾಕಾರದ ಇನ್ನೊಂದು ಮೂಳೆಯೂ ಇದೆ. ಮೋಲ್ ರ‍್ಯಾಟ್ ಎಂಬ ಇಲಿಗಳು ಹಲ್ಲಿನಿಂದಲೇ ನೆಲ ಅಗೆಯುತ್ತವೆ. ಅವುಗಳ ತುಟಿ ಬಾಚಿಹಲ್ಲಿನ ಹಿಂದೆ ಮುಚ್ಚಿಕೊಳ್ಳುವುದರಿಂದ ಅಗೆಯುವಾಗ ಬಾಯಿಗೆ ಮಣ್ಣು ಬೀಳುವುದಿಲ್ಲ.

ನಾಗರಹಾವಿನ ಬಳಿ ಇದರಲ್ಲಿ ಏನಿದೆ? ಕಾಲಿಲ್ಲ, ಉಗುರಿಲ್ಲ. ಹಲ್ಲುಗಳು ಸೂಜಿಯಂತೆ ತೆಳು, ಹಿಂದಕ್ಕೆ ಬಾಗಿದವು; ಬೇಟೆಯನ್ನು ಹಿಡಿಯಲು ಆಗುತ್ತವೆಯೇ ಹೊರತು ಅಗೆಯಲು ಅಲ್ಲ. ದವಡೆಯ ಮೂಳೆಗಳು ದೊಡ್ಡ ತುತ್ತನ್ನು ಇಡಿಯಾಗಿ ನುಂಗಲೆಂದು ಸಡಿಲವಾಗಿ ಜೋಡಿಸಿದಂಥವು. ಅಂಥ ತಲೆಯಿಂದ ಗಟ್ಟಿ ನೆಲ ಗುದ್ದಿದರೆ ನೆಲಕ್ಕೇನೂ ಆಗದು.

“ಹಾವು ಬಿಲದೊಳಗೆ ಹೋಗಿದ್ದನ್ನು ಕಣ್ಣಾರೆ ಕಂಡಿದ್ದೇವೆ” ಎನ್ನುವವರಿಗೆ: ಹೋಗಿದ್ದನ್ನು ಕಂಡಿರಿ, ತೋಡಿದ್ದನ್ನಲ್ಲ. ಹಾವು ಇಲಿಯ ವಾಸನೆ ಹಿಡಿದು ಹೋಗುತ್ತದೆ, ಸಿಕ್ಕರೆ ಮನೆಯ ಯಜಮಾನನನ್ನೇ ನುಂಗುತ್ತದೆ, ತಂಪಾದ ಜಾಗವಾದ್ದರಿಂದ ಅರಗಿಸಿಕೊಳ್ಳಲು ಅಲ್ಲೇ ಸುರುಳಿ ಸುತ್ತಿ ಮಲಗುತ್ತದೆ. ಆಮೇಲೆ ಅಲ್ಲಿ ಪೊರೆ ಕಂಡಿತೆಂದು ನಾವು ಆ ಮನೆಯನ್ನು ಹಾವಿನ ಹೆಸರಿಗೆ ಬರೆದುಕೊಡುತ್ತೇವೆ.

ಹುತ್ತದ ಕಥೆಯೂ ಇದೇ. ಗೆದ್ದಲು ಕಟ್ಟಿದ ಮನೆ ಹಾವಿನ ಪಾಲಾಯಿತು ಎಂಬರ್ಥದ ಗಾದೆ ನಮ್ಮ ಬಾಯಲ್ಲೇ ಇದೆ. ಆದರೂ ಹುತ್ತ ಕಂಡರೆ ಹಾವು ಕಟ್ಟಿದ್ದೆಂದೇ ಮಾತು! ಗೆದ್ದಲು ಮಣ್ಣಿನ ಕಣವನ್ನು ಜೊಲ್ಲಿನಲ್ಲಿ ಕಲಸಿ ಒಂದೊಂದಾಗಿ ಅಂಟಿಸುತ್ತದೆ. ಒಳಗೆ ಶಿಲೀಂಧ್ರ ಬೆಳೆಸುವ ಜಾತಿಗಳು ಗೂಡನ್ನು ಹೆಚ್ಚು ಕಡಿಮೆ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಸದಾ ತೇವವಾಗಿ ಇಟ್ಟುಕೊಳ್ಳುತ್ತವೆ. ಹಳೆಯ ಹುತ್ತದ ಗೋಡೆ ಮಳೆಗೆ ಕರಗಿದಾಗ, ಇಲ್ಲವೇ ಕರಡಿ, ಚಿಪ್ಪುಹಂದಿಗಳು ಗೆದ್ದಲಿಗಾಗಿ ಬಗೆದಾಗ ದೊಡ್ಡ ತೂತುಗಳಾಗುತ್ತವೆ. ಹಾವು ನುಸುಳುವುದು ಆಗ. ಬಿಸಿಲಿಲ್ಲ, ಒಣಗಾಳಿಯಿಲ್ಲ, ಯಾರ ಕಾಟವೂ ಇಲ್ಲ. ಅದಕ್ಕೆ ಇನ್ನೇನು ಬೇಕು?

ತಕರಾರು ತೆಗೆಯುವವರಿಗೆ ಒಂದೆರಡು ಅಪವಾದಗಳನ್ನು ನಾವೇ ಕೊಡುತ್ತೇವೆ. ಮಣ್ಣುಮುಕ್ಕ ಹಾವು ಸಡಿಲ ಮಣ್ಣಿನಲ್ಲಿ ಹುದುಗಿಕೊಳ್ಳುತ್ತದೆ. ಎರೆಹುಳದಂತೆ ಕಾಣುವ ಕುರುಡು ಹಾವು ನೆಲದೊಳಗೇ ಇರುತ್ತದೆ. ಇವು ಮಣ್ಣನ್ನು ಸರಿಸಿಕೊಂಡು ಹೋಗುತ್ತವೆ, ಬಾಯ್ದೆರೆದ ಬಿಲ ಬಿಡುವುದಿಲ್ಲ. ನಿಜವಾಗಿ ತೋಡುವ ಹಾವೆಂದರೆ ಉತ್ತರ ಅಮೆರಿಕದ ಪೈನ್ ಸ್ನೇಕ್. ಅದರ ಹೆಣ್ಣು ಮೊಟ್ಟೆಯಿಡಲು ಕತ್ತನ್ನು ಕೊಕ್ಕೆಯಂತೆ ಬಾಗಿಸಿ ಮರಳನ್ನು ಹೊರಗೆಳೆಯುತ್ತದೆ. ಅದೂ ಮರಳು, ಗಟ್ಟಿ ನೆಲವಲ್ಲ. ನಿಮ್ಮ ಹಿತ್ತಲಿಗೆ ಅದು ಬಂದಿರುವ ಸಾಧ್ಯತೆ ಇಲ್ಲ.

ಹಾಗಾದರೆ ತೋಡಿದ್ದು ಯಾರು? ತೂತು ನೋಡಬೇಡಿ, ಮಣ್ಣು ನೋಡಿ. ಬಾಯಿಯ ಒಂದೇ ಬದಿಗೆ ಬೀಸಣಿಗೆಯಂತೆ ಹರಡಿದ ಹೊಸ ಮಣ್ಣಿದ್ದರೆ ಇಲಿ ಅಥವಾ ಹೆಗ್ಗಣ. ಮುಷ್ಟಿ ಗಾತ್ರದ ಬಿಲಗಳಲ್ಲಿ ಬಹುಪಾಲು ಇವೇ. ಸುಂಡಿಲಿಯದಾದರೆ ಎರಡು ಮೂರು ಸೆಂ.ಮೀ. ಅಗಲ ಸಾಕು. ತೇವದ ಜಾಗದಲ್ಲಿ ಕೆಸರಿನ ಉಂಡೆಗಳನ್ನು ಸುತ್ತ ಪೇರಿಸಿದ್ದರೆ ಏಡಿ. ಅಂಚಿಗೆಲ್ಲ ರೇಷ್ಮೆಯಂಥ ನೂಲಿನ ಅಸ್ತರಿ ಇದ್ದರೆ ಜೇಡ. ಎತ್ತರ ಕಡಿಮೆ, ಅಗಲ ಹೆಚ್ಚು, ಅರ್ಧಚಂದ್ರದಂತಿದ್ದರೆ ಚೇಳಿರಬಹುದು, ಬೆರಳು ಹಾಕಬೇಡಿ. ಬೆರಳು ಗಾತ್ರದ ಗುಂಡನೆಯ ತೂತು, ಸುತ್ತ ಚೂರೂ ಮಣ್ಣಿಲ್ಲವೆಂದರೆ ಯಾರೋ ಒಳಗೆ ಹೋಗಿಲ್ಲ, ಹೊರಗೆ ಬಂದಿದ್ದಾರೆ: ನೆಲದಡಿ ಬೆಳೆದ ಜೀರುಂಡೆ ಅಥವಾ ದುಂಬಿ.

ಬಿಲ ಬಳಕೆಯಲ್ಲಿದೆಯೇ ಎಂದು ತಿಳಿಯಲು ಸಂಜೆ ಬಾಯಿಗೆ ಒಣ ಎಲೆ ಅಥವಾ ಮುದುಡಿದ ಕಾಗದವನ್ನು ಉದ್ದನೆಯ ಕೋಲಿನಿಂದ ಸಡಿಲವಾಗಿ ತುರುಕಿ, ಮುಂದೆ ತೆಳ್ಳಗೆ ಬೂದಿ ಹರಡಿ. ಬೆಳಿಗ್ಗೆ ಕಾಗದ ಹೊರಗೆ ಬಿದ್ದು, ಬೂದಿಯಲ್ಲಿ ಮುಂದೆ ನಾಲ್ಕು, ಹಿಂದೆ ಐದು ಬೆರಳಿನ ಗುರುತಿದ್ದರೆ ಇಲಿ. ಬೆರಳಿಲ್ಲದೆ ಎಳೆದಂಥ ಪಟ್ಟೆಯಿದ್ದರೆ ದೂರ ನಿಂತು ಹಾವು ಹಿಡಿಯುವ ತಿಳಿವಳಿಕಸ್ಥರನ್ನು ಕರೆಯಿರಿ. ಮೂರು ರಾತ್ರಿ ಏನೂ ಅಲುಗದಿದ್ದರೆ, ಜೇಡರ ಬಲೆ ಹಾಗೇ ಇದ್ದರೆ, ಬಿಲ ಬಹುಶಃ ಖಾಲಿ.

ಮುಚ್ಚುವುದು ಆಮೇಲೆ. ಮೇಲೆ ಎರಡು ಬುಟ್ಟಿ ಮಣ್ಣು ಸುರಿದು ತುಳಿದರೆ ಹೆಗ್ಗಣಕ್ಕೆ ಅದು ಒಂದು ರಾತ್ರಿಯ ಕೆಲಸ. ಹಾರೆಯಿಂದ ಸುರಂಗವನ್ನು ಕುಸಿಯುವಂತೆ ಮಾಡಿ, ಜಲ್ಲಿ ಬೆರೆಸಿದ ಮಣ್ಣನ್ನು ಪದರ ಪದರವಾಗಿ ದಮ್ಮಸು ಮಾಡಬೇಕು. ಗೋಡೆಯ ಬಿರುಕಿಗೆ ಹಾಕುವ ತಂತಿಬಲೆಯ ಕಣ್ಣು 6 ಮಿ.ಮೀ.ಗಿಂತ ದೊಡ್ಡದಿರಬಾರದು, ಸುಂಡಿಲಿಯ ಮರಿ ನುಸುಳುತ್ತದೆ. ನೀರು ತುಂಬಿಸುವುದು, ಹೊಗೆ ಹಾಕುವುದು ವ್ಯರ್ಥ: ಇಲಿಬಿಲಕ್ಕೆ ತೆಳುಮಣ್ಣು ಮುಚ್ಚಿದ ಗುಪ್ತ ಬಾಗಿಲುಗಳಿರುತ್ತವೆ. ನೀವು ಇಲ್ಲಿ ಹೊಗೆ ಹಾಕುತ್ತಿರುವಾಗ ಒಳಗಿನದು ಆ ಕಡೆಯಿಂದ ಹೊರಬಿದ್ದಿರುತ್ತದೆ, ಕೆಲವೊಮ್ಮೆ ನಿಮ್ಮ ಹಿಂದೆಯೇ.

ಇಷ್ಟೆಲ್ಲ ಕೇಳುವವರು ಒಳಗಿನ ಪ್ರಾಣಿ ಉಸಿರಾಡುವುದು ಹೇಗೆಂದು ಮಾತ್ರ ಕೇಳುವುದಿಲ್ಲ. ಕೇಳಬೇಕಾದ ಪ್ರಶ್ನೆ ಅದು. ಉತ್ತರ ಅಮೆರಿಕದ ಪ್ರೇರಿ ಡಾಗ್ ಎಂಬ ನೆಲ ಅಳಿಲು ಬಿಲದ ಒಂದು ಬಾಯಿಗೆ ಎತ್ತರದ ದಿಬ್ಬ ಕಟ್ಟಿ ಇನ್ನೊಂದನ್ನು ತಗ್ಗಾಗಿ ಬಿಡುತ್ತದೆ. ಎತ್ತರದಲ್ಲಿ ಗಾಳಿಯ ವೇಗ ಹೆಚ್ಚು, ಅಲ್ಲಿ ಒತ್ತಡ ಇಳಿಯುತ್ತದೆ. ತಗ್ಗಿನ ಬಾಯಿಯಿಂದ ಹೊಸ ಗಾಳಿ ತಾನಾಗಿ ಒಳಗೆ ಹರಿಯುತ್ತದೆ. ಮೈಮೇಲೆ ಕೂದಲೇ ಇಲ್ಲದ ಆಫ್ರಿಕಾದ ನೇಕೆಡ್ ಮೋಲ್ ರ‍್ಯಾಟ್ ಇನ್ನೂ ಒಂದು ಹೆಜ್ಜೆ ಮುಂದೆ. 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದು ಆಮ್ಲಜನಕವೇ ಇಲ್ಲದೆ 18 ನಿಮಿಷ ಬದುಕಿ ಚೇತರಿಸಿಕೊಂಡಿತು. ಆ ಹೊತ್ತಿನಲ್ಲಿ ಮೆದುಳು, ಹೃದಯಗಳಿಗೆ ಫ್ರಕ್ಟೋಸ್ ಎಂಬ ಸಕ್ಕರೆಯನ್ನು ಒಡೆದು ಶಕ್ತಿ ಕೊಡುತ್ತದೆ.

ಇಂಥ ಏರ್ಪಾಟಿಲ್ಲದ ಪ್ರಾಣಿಗಳು ಬಿಲದ ಬಾಯಿಯನ್ನೂ ಮಣ್ಣಿನ ಕಣಗಳ ನಡುವಿನ ಸಂದುಗಳನ್ನೂ ನಂಬಿವೆ. ಜಡಿಮಳೆಗೆ ಸಂದುಗಳಲ್ಲಿ ನೀರು ನಿಂತರೆ ಗಾಳಿಯ ದಾರಿ ಕಟ್ಟುತ್ತದೆ, ತಗ್ಗಿನ ಕೋಣೆಗಳು ಮುಳುಗುತ್ತವೆ, ಇಲಿಯೂ ಅದರ ಬೆನ್ನಿಗೆ ಹಾವೂ ಹೊರಬರುತ್ತವೆ. ಅದಕ್ಕೇ ಕಾಗದದ ಪರೀಕ್ಷೆಯನ್ನು ಮಳೆಯ ದಿನ ಮಾಡಬೇಡಿ. ನೆಲ ಆರಿ ಎರಡು ದಿನವಾದ ಮೇಲೆ ಮಾಡಿ.