ಊರಿನ ಕಣ್ಣಿನಿಂದ ಒಂದು ಕಿವಿಗೆ

ಸೆಪ್ಟೆಂಬರ್ ಮೊದಲ ವಾರ ಹರಿಹರದ ಆರೋಗ್ಯ ಮಾತೆಯ ಚರ್ಚಿಗೆ ಹೋದವರು ಇದನ್ನು ನೋಡಿರುತ್ತೀರಿ. 8ನೇ ತಾರೀಕಿನ ಹಬ್ಬಕ್ಕೆ ದಾವಣಗೆರೆ, ಚಿತ್ರದುರ್ಗ, ಶಿವಮೊಗ್ಗ ಕಡೆಯಿಂದ ಜನ ಬಂದಿರುತ್ತಾರೆ. ಅಂಗಳದಲ್ಲಿ ಮೇಣದಬತ್ತಿ, ಮೈಕು, ಮಕ್ಕಳ ಗಲಾಟೆ. ಒಂದು ಮೂಲೆಯಲ್ಲಿ ಮಾತ್ರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಬ್ಬ ಫಾದರ್ ಕೂತಿರುತ್ತಾರೆ. ಕೊರಳಲ್ಲಿ ನೇರಳೆ ಬಣ್ಣದ ಪಟ್ಟಿ. ತಲೆ ಬಗ್ಗಿಸಿ, ಒಂದು ಕೈಯನ್ನು ಹಣೆಗೆ ಅಡ್ಡ ಹಿಡಿದಿರುತ್ತಾರೆ. ಎದುರಿಗಿದ್ದವರ ಮುಖ ನೋಡುವುದಿಲ್ಲ, ಕಿವಿ ಮಾತ್ರ ಕೊಡುತ್ತಾರೆ. ನಾನು ನೋಡಿದ ದಿನ ಅವರ ಪಕ್ಕದಲ್ಲಿ ಮಂಡಿಯೂರಿದವನ ಕೈಯಲ್ಲಿ ಇನ್ನೂ ಹೆಲ್ಮೆಟ್ ಇತ್ತು. ಎರಡು ನಿಮಿಷ ಏನೋ ಪಿಸುಗುಟ್ಟಿ, ಎದ್ದು, ಕಣ್ಣೊರೆಸಿಕೊಂಡು ಹೋದ.

ದಾವಣಗೆರೆಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಮಂಗಳೂರಿನ ಆಂಟಿ ಇದಕ್ಕೆ ‘ಕುಮ್ಸಾರ್’ ಅನ್ನುತ್ತಿದ್ದರು. ಪೋರ್ಚುಗೀಸರ ಮಾತು ಕೊಂಕಣಿಯ ಬಾಯಲ್ಲಿ ಹಾಗಾಗಿದೆ. ಕನ್ನಡ ಕ್ಯಾಥೊಲಿಕರಿಗೆ ಅದು ಪಾಪನಿವೇದನೆ, ಅಂದರೆ ಮಾಡಿದ ಪಾಪವನ್ನು ಫಾದರ್‌ಗೆ ಹೇಳಿಕೊಂಡು ಕ್ಷಮೆ ಪಡೆಯುವುದು. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆ ಎಂಬ ಪ್ರಾಟೆಸ್ಟೆಂಟ್ ಚರ್ಚಿನ ಕಡೆಯವರನ್ನು ಕೇಳಿದರೆ ‘ಪಾಪದ ಅರಿಕೆ’ ಅಂತಾರೆ. ಪದ ಬೇರೆ ಅಷ್ಟೇ ಅಲ್ಲ, ಮಾಡುವ ರೀತಿಯೂ ಬೇರೆ. ನಮಗೋ ತಪ್ಪಾದರೆ ದೇವರ ಮುಂದೆ ಕೆನ್ನೆ ಬಡಿದುಕೊಂಡು, ತಪ್ಪುಕಾಣಿಕೆ ಹಾಕಿ ಬಂದರೆ ಮುಗಿಯಿತು. ದೇವರಿಗೆ ಎಲ್ಲ ಗೊತ್ತಿರುವಾಗ ಮಧ್ಯೆ ಫಾದರ್‌ಗೆ ಯಾಕೆ ಹೇಳಬೇಕು ಅಂತ ಚಿಕ್ಕಂದಿನಲ್ಲಿ ಆಂಟಿಯನ್ನು ಕೇಳಿದ್ದೆ. ‘ಬಾಯಿಬಿಟ್ಟು ಹೇಳಿ ನೋಡು, ಆಗ ಗೊತ್ತಾಗುತ್ತೆ’ ಅಂದಿದ್ದರು.

ಕ್ರೈಸ್ತರೂ ಈ ಪ್ರಶ್ನೆಯನ್ನು ಸುಮಾರು ಎರಡು ಸಾವಿರ ವರ್ಷದಿಂದ ಕೇಳಿಕೊಂಡೇ ಬಂದಿದ್ದಾರೆ. ಬೈಬಲಿನಲ್ಲಿ ಎರಡೂ ಕಡೆಗೆ ಆಧಾರ ಸಿಗುತ್ತದೆ. ಯೋಹಾನನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರಿಗೆ, ನೀವು ಯಾರ ಪಾಪ ಕ್ಷಮಿಸುತ್ತೀರೋ ಅವರಿಗೆ ಕ್ಷಮೆ ಸಿಗುತ್ತದೆ ಎನ್ನುತ್ತಾನೆ. ಯಾಕೋಬನ ಪತ್ರ ನಿಮ್ಮ ಪಾಪಗಳನ್ನು ಒಬ್ಬರಿಗೊಬ್ಬರು ಅರಿಕೆ ಮಾಡಿ ಎನ್ನುತ್ತದೆ. ಕುರ್ಚಿ, ಪಟ್ಟಿ, ಸಾಲು ಇದ್ಯಾವುದೂ ಅಲ್ಲಿಲ್ಲ. ಅವೆಲ್ಲ ಆಮೇಲೆ ಬಂದವು.

ಮೊದಮೊದಲು ಇದ್ದದ್ದು ಇದಕ್ಕಿಂತ ತುಂಬಾ ಕಠಿಣ. ಕ್ರೈಸ್ತರಾಗುವಾಗ ನೀರಿನಲ್ಲಿ ಮಾಡಿಸುವ ದೀಕ್ಷಾಸ್ನಾನವೇ ಎಲ್ಲ ಪಾಪ ತೊಳೆಯುತ್ತದೆ, ಅದಾದ ಮೇಲೆ ದೊಡ್ಡ ತಪ್ಪು ಮಾಡುವುದೇ ಇಲ್ಲ ಅಂತ ನಂಬಿದ್ದರು. ಮನುಷ್ಯರಲ್ವಾ, ಮಾಡಿದರು. 250ರಲ್ಲಿ ರೋಮಿನ ಚಕ್ರವರ್ತಿ ಡೀಸಿಯಸ್ ಎಲ್ಲರೂ ರೋಮಿನ ದೇವರುಗಳಿಗೆ ಬಲಿ ಕೊಡಬೇಕೆಂದು ಆಜ್ಞೆ ಮಾಡಿದ. ಜೀವಭಯಕ್ಕೆ ಎಷ್ಟೋ ಕ್ರೈಸ್ತರು ಕೊಟ್ಟೂಬಿಟ್ಟರು. ಭಯ ಕಳೆದ ಮೇಲೆ ಚರ್ಚಿನ ಬಾಗಿಲಿಗೆ ವಾಪಸ್ ಬಂದರು. ಇವರನ್ನು ಸೇರಿಸಿಕೊಳ್ಳಬೇಕಾ, ಬೇಡವಾ? ಬೇಡವೇ ಬೇಡ ಅಂದ ರೋಮಿನ ಪಾದ್ರಿ ನೊವೇಷಿಯನ್ ಕೊನೆಗೆ ತನ್ನದೇ ಬೇರೆ ಸಭೆ ಕಟ್ಟಿಕೊಂಡ. ಕಾರ್ತೇಜಿನ ಬಿಷಪ್ ಸಿಪ್ರಿಯನ್, ಪ್ರಾಯಶ್ಚಿತ್ತ ಮಾಡಿಸಿ ಸೇರಿಸಿಕೊಳ್ಳೋಣ ಎಂದ. ಗೆದ್ದದ್ದು ಸಿಪ್ರಿಯನ್‌ನ ಮಾತು.

ಆ ಪ್ರಾಯಶ್ಚಿತ್ತ ಹೇಗಿತ್ತು ಗೊತ್ತಾ? ತಪ್ಪನ್ನು ಬಿಷಪ್ಪರಿಗೆ ಹೇಳಿಕೊಂಡರೂ ಶಿಕ್ಷೆ ಊರಿನ ಕಣ್ಣೆದುರೇ. ಒರಟು ಬಟ್ಟೆ, ತಲೆ ಮೇಲೆ ಬೂದಿ, ಉಪವಾಸ. ಒಳಗೆ ಹೋಗುವವರ ಮುಂದೆಲ್ಲ ‘ನನಗಾಗಿ ಪ್ರಾರ್ಥಿಸಿ’ ಅಂತ ಅಳಬೇಕು. ಆರಾಧನೆಯಲ್ಲಿ ಹಂಚುವ ರೊಟ್ಟಿ-ದ್ರಾಕ್ಷಾರಸದ ಪ್ರಭುಭೋಜನ ಇಲ್ಲ. ಹೀಗೇ ವರ್ಷಗಟ್ಟಲೆ. ಮೊದಲು ಪ್ರಾಯಶ್ಚಿತ್ತ, ಆಮೇಲೆ ಕ್ಷಮೆ. ಅದೂ ಬದುಕಿನಲ್ಲಿ ಒಂದೇ ಸಲ, ಎರಡನೇ ಸಲ ಬಿದ್ದರೆ ದಾರಿ ಇಲ್ಲ. ಹಾಗಾಗಿ ಜಾಣರು ದೀಕ್ಷಾಸ್ನಾನವನ್ನೇ ಮುಂದೂಡಿದರು. ಚಕ್ರವರ್ತಿ ಕಾನ್‌ಸ್ಟಂಟೈನ್ ಅದನ್ನು ತೆಗೆದುಕೊಂಡದ್ದು 337ರಲ್ಲಿ, ಸಾಯುವ ಹೊತ್ತಿಗೆ.

ಚಕ್ರವರ್ತಿಗೂ ಇದರಿಂದ ವಿನಾಯಿತಿ ಇರಲಿಲ್ಲ ಎನ್ನುವುದು ನನಗೆ ಇಷ್ಟವಾಗುವ ಭಾಗ. 390ರಲ್ಲಿ ಗ್ರೀಸಿನ ಥೆಸಲೋನಿಕದಲ್ಲಿ ರೋಮಿನ ಚಕ್ರವರ್ತಿ ಥಿಯೊಡೋಸಿಯಸ್‌ನ ಸೈನಿಕರು ಸಾವಿರಾರು ಜನರನ್ನು ಕೊಂದರು. ಮಿಲಾನಿನ ಬಿಷಪ್ ಆಂಬ್ರೋಸ್, ಪಶ್ಚಾತ್ತಾಪ ಪಡುವವರೆಗೆ ನಿನ್ನೆದುರು ಬಲಿಪೂಜೆ (ಚರ್ಚಿನ ಮುಖ್ಯ ಆರಾಧನೆ) ಮಾಡಲಾರೆ ಅಂತ ಪತ್ರ ಬರೆದ. ಚಕ್ರವರ್ತಿ ರಾಜಚಿಹ್ನೆಗಳನ್ನು ತೆಗೆದಿಟ್ಟು ಜನರೆದುರು ಅತ್ತ.

ಕೆಲವು ಕಡೆ ಪಾಪದ ಪಟ್ಟಿ ಬರೆಸಿ ಎಲ್ಲರೆದುರು ಓದಿಸುವ ರೂಢಿಯೂ ಬಂತು. 459ರಲ್ಲಿ ಪೋಪ್ ಲಿಯೋ ಅದನ್ನು ನಿಲ್ಲಿಸಿದರು. ಗುಟ್ಟಾಗಿ ಗುರುಗಳಿಗೆ ಹೇಳಿದರೆ ಸಾಕು ಎಂದರು. ಆದರೂ ಹಳೇ ಪದ್ಧತಿಯನ್ನು ನಿಜವಾಗಿ ಬದಲಿಸಿದ್ದು ರೋಮ್ ಅಲ್ಲ, ಐರ್ಲೆಂಡಿನ ಸನ್ಯಾಸಿಗಳು. ಅವರಲ್ಲಿ ಪಾಪವನ್ನು ಎಷ್ಟು ಸಲ ಬೇಕಾದರೂ, ಒಬ್ಬರ ಕಿವಿಯಲ್ಲೇ ಹೇಳಬಹುದಿತ್ತು. ಯಾವ ತಪ್ಪಿಗೆ ಎಷ್ಟು ದಿನ ಬರೀ ರೊಟ್ಟಿ-ನೀರು ಅಂತ ಪುಸ್ತಕವೇ ಇತ್ತು. ನಮ್ಮ ಹಳ್ಳಿ ಪಂಚಾಯ್ತಿಯ ದಂಡದ ಹಾಗೆ. ಅದೇ ತಪ್ಪನ್ನು ಪಾದ್ರಿ ಮಾಡಿದರೆ ದಂಡ ಜಾಸ್ತಿ! ಕೊಲುಂಬಾನುಸ್‌ನಂಥ ಸನ್ಯಾಸಿಗಳು 6ನೇ ಶತಮಾನದ ಕೊನೆಗೆ ಇದನ್ನು ಯುರೋಪಿನ ಬೇರೆ ಕಡೆಗೆ ಒಯ್ದರು. 589ರಲ್ಲಿ ಸ್ಪೇನಿನ ಟೊಲೆಡೊದಲ್ಲಿ ಸೇರಿದ ಬಿಷಪ್ಪರ ಸಭೆ ಹೀಗೆ ಪದೇ ಪದೇ ಕ್ಷಮೆ ಕೊಡುವುದನ್ನು ಖಂಡಿಸಿತು. ಜನ ಕೇಳಲಿಲ್ಲ. ನಿಧಾನಕ್ಕೆ ಕ್ರಮವೂ ತಿರುಗಿತು: ಮೊದಲು ಕ್ಷಮೆ, ಆಮೇಲೆ ಪ್ರಾಯಶ್ಚಿತ್ತ.

1215ರಲ್ಲಿ ರೋಮಿನಲ್ಲಿ ಸೇರಿದ ಬಿಷಪ್ಪರ ಮಹಾಸಭೆ, ನಾಲ್ಕನೇ ಲ್ಯಾಟೆರನ್ ಸಭೆ, ಇದನ್ನು ಕಡ್ಡಾಯ ಮಾಡಿತು. ವರ್ಷಕ್ಕೆ ಒಂದು ಸಲವಾದರೂ ಹೇಳಿಕೊಳ್ಳಲೇಬೇಕು. ಜೊತೆಗೆ ಕೇಳಿದವನ ಬಾಯಿಗೂ ಬೀಗ ಬಿತ್ತು. ಗುಟ್ಟು ಬಿಟ್ಟ ಗುರುವಿಗೆ ಪದವಿ ಹೋಗಿ ಸಾಯುವತನಕ ಮಠದಲ್ಲಿ ಪ್ರಾಯಶ್ಚಿತ್ತ. ಈಗಲೂ ಕ್ಯಾಥೊಲಿಕ್ ನಿಯಮದಲ್ಲಿ ಅಂಥವರಿಗೆ ಬಹಿಷ್ಕಾರವೇ. ನಮ್ಮಲ್ಲಿ ಪೊಲೀಸರ ಮುಂದೆ ಮಾಡಿದ್ದಕ್ಕೂ, ಫಾದರ್ ಮುಂದೆ ಮಾಡಿದ್ದಕ್ಕೂ ‘ತಪ್ಪೊಪ್ಪಿಗೆ’ ಅಂತ ಒಂದೇ ಪದ ಬಳಸುತ್ತೇವೆ. ಎರಡಕ್ಕೂ ಅಜಗಜಾಂತರ.

ಜಾಲರಿ ಇರುವ ಮರದ ಪೆಟ್ಟಿಗೆಯನ್ನು ಸಿನಿಮಾದಲ್ಲಿ ನೋಡಿರುತ್ತೇವಲ್ಲ, ಅದು ಅಷ್ಟೇನೂ ಹಳೆಯದಲ್ಲ. 16ನೇ ಶತಮಾನದಲ್ಲಿ ಮಿಲಾನಿನ ಆರ್ಚ್‌ಬಿಷಪ್ ಚಾರ್ಲ್ಸ್ ಬೊರೊಮಿಯೊ ಅದನ್ನು ಬಳಕೆಗೆ ತಂದರು. ಪಾದ್ರಿಗೂ ಹೇಳಿಕೊಳ್ಳಲು ಬಂದ ಹೆಂಗಸಿಗೂ ನಡುವೆ ಅಡ್ಡ ಇರಲಿ ಎನ್ನುವುದು ಮುಖ್ಯ ಕಾರಣ. ಅಂದರೆ ಅನುಮಾನ, ದೂರು ಆಗಲೇ ಇದ್ದವು.

ಅದಕ್ಕೂ ಮುಂಚೆ, 1517ರಲ್ಲಿ ಜರ್ಮನಿಯ ಮಾರ್ಟಿನ್ ಲೂಥರ್ ಚರ್ಚಿನ ವಿರುದ್ಧ ಸಿಡಿದೆದ್ದದ್ದು ದುಡ್ಡಿನ ವಿಷಯಕ್ಕೆ. ಕ್ಷಮೆ ಸಿಕ್ಕ ಮೇಲೂ ಉಳಿಯುವ ಶಿಕ್ಷೆಯನ್ನು ಕಡಿಮೆ ಮಾಡುತ್ತೇವೆಂದು ಚರ್ಚಿನವರು ಪತ್ರಗಳನ್ನು ಹಂಚಿ ಹಣ ಎತ್ತುತ್ತಿದ್ದರು. ಲೂಥರ್ ಪಾಪನಿವೇದನೆಯನ್ನೇ ಕಿತ್ತುಹಾಕಿದ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಇಲ್ಲ. ಸನ್ಯಾಸಿಯಾಗಿದ್ದಾಗ ಗಂಟೆಗಟ್ಟಲೆ ಪಾಪ ಹೇಳಿಕೊಂಡು ಗುರುವನ್ನೇ ಸುಸ್ತು ಮಾಡಿದ್ದ ಆಸಾಮಿ ಅವನು, ಕೊನೆಯವರೆಗೂ ಅದನ್ನು ಬಿಡಲಿಲ್ಲ. ಅವನು ಬಿಡಿಸಿದ್ದು ಕಡ್ಡಾಯವನ್ನು. ಮುಂದೆ ರೋಮಿನ ಚರ್ಚಿನಿಂದ ಬೇರೆಯಾದ ಪ್ರಾಟೆಸ್ಟೆಂಟರಲ್ಲಿ ಬಹುತೇಕರು ದೇವರಿಗೆ ನೇರವಾಗಿ ಹೇಳಿಕೊಳ್ಳುವುದೇ ಸಾಕು ಎಂದರು. ಸಿಎಸ್‌ಐ ಆರಾಧನೆಯಲ್ಲಿ ಇವತ್ತು ಎಲ್ಲರೂ ಒಟ್ಟಿಗೆ ಒಂದೇ ಅರಿಕೆ ಓದುತ್ತಾರೆ. ಯಾರ ಪಾಪ ಯಾವುದು ಅಂತ ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಕ್ಯಾಥೊಲಿಕರು 1973ರಲ್ಲಿ ವಿಧಿಯನ್ನು ಹೊಸದಾಗಿ ಬರೆದು, ಎದುರುಬದುರು ಕೂತು ಮಾತಾಡಲೂ ಅವಕಾಶ ಕೊಟ್ಟರು. ಆದರೆ ಹಳೇ ಅನುಮಾನ ಹೋಗಿಲ್ಲ. 2018ರಲ್ಲಿ ಕೇರಳದ ಆರ್ಥೊಡಾಕ್ಸ್ ಸಭೆಯೊಂದರ ಪಾದ್ರಿಗಳು ಮಹಿಳೆಯೊಬ್ಬರ ತಪ್ಪೊಪ್ಪಿಗೆಯನ್ನು ದುರುಪಯೋಗ ಮಾಡಿಕೊಂಡರು ಎಂಬ ಆರೋಪ ಬಂದಾಗ, ರಾಷ್ಟ್ರೀಯ ಮಹಿಳಾ ಆಯೋಗ ಈ ಪದ್ಧತಿಯನ್ನೇ ನಿಲ್ಲಿಸಿ ಅಂತ ಶಿಫಾರಸು ಮಾಡಿತು. ಚರ್ಚುಗಳು ಒಪ್ಪಲಿಲ್ಲ. ನಿಷೇಧ ನನಗೂ ಸರಿ ಕಾಣುವುದಿಲ್ಲ. ಆದರೆ ಗುಟ್ಟು ಕೇಳಿದವನ ಕೈಗೆ ಎಂಥ ಜುಟ್ಟು ಸಿಗುತ್ತದೆ ಅನ್ನುವ ಪ್ರಶ್ನೆಯನ್ನು ತಳ್ಳಿಹಾಕುವುದೂ ಕಷ್ಟ.

ಹರಿಹರದಲ್ಲಿ ಆ ಹೆಲ್ಮೆಟ್ ಹುಡುಗ ಎದ್ದು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಬ್ಯಾಡ್ಜ್ ಹಾಕಿಕೊಂಡ ಸ್ವಯಂಸೇವಕನೊಬ್ಬ ಬಂದು, ‘ಸಾರ್, ಪಾಪನಿವೇದನೆಗಾ?’ ಅಂದ. ನಾನು ಕ್ರೈಸ್ತನಲ್ಲ ಅಂದೆ. ಹಾಗಿದ್ದರೆ ಆಶೀರ್ವಾದಕ್ಕೆ ಆ ಕಡೆ ಬನ್ನಿ ಅಂತ ಇನ್ನೊಂದು ಸಾಲು ತೋರಿಸಿದ. ಹೋಗಿ ನಿಂತೆ. ಈ ಕಡೆ ಸಾಲು ಇನ್ನೂ ಉದ್ದ ಇತ್ತು.