ಗುಂಡಿ ತೋಡುವ ಹಣ ಯಾರದು?

ಕಳೆದ ಬೇಸಿಗೆಯಲ್ಲಿ ಶಿರಾ ಕಡೆಯ ರೈತರೊಬ್ಬರು ಕರಾರುಪತ್ರವೊಂದನ್ನು ಹಿಡಿದು ನನ್ನ ಬಳಿ ಬಂದಿದ್ದರು. ಮರ ಬೆಳೆಸಿ ಕಾರ್ಬನ್ ಕ್ರೆಡಿಟ್ ಮಾರುವ ಕರಾರು ಅದು. ಇಪ್ಪತ್ತೆರಡು ಪುಟ, ಅಷ್ಟೂ ಇಂಗ್ಲಿಷು. ಎಲ್ಲಿ ಸಹಿ ಹಾಕಬೇಕು ಎಂದು ಯಾರೋ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ ಕೊಟ್ಟಿದ್ದರು.

"ಗಾಳಿ ಮಾರಿ ದುಡ್ಡು ಕೊಡುತ್ತಾರಂತೆ ಸಾರ್. ಮರ ನಮ್ಮದೇ ಆಗಿರುತ್ತದಂತೆ. ಒಂದು ಮರಕ್ಕೆ ಎಷ್ಟು ಬರಬಹುದು?"

ಮರ ಅಳೆಯುವುದು, ಇಂಥ ಕರಾರುಗಳನ್ನು ಓದಿ ಹೇಳುವುದು ನನ್ನ ಕೆಲಸ. ಎಲ್ಲರೂ ಮೊದಲು ಕೇಳುವುದು ಇದನ್ನೇ. ಹಾಗಾಗಿ ಅವರ ಎದುರೇ ಹಾಳೆಯ ಹಿಂಬದಿಯಲ್ಲಿ ಲೆಕ್ಕ ಹಾಕಿದೆ.

ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪು ಸುತ್ತಿ ಮರದ ಸುತ್ತಳತೆ ತೆಗೆಯುತ್ತೇವೆ. ಅದರಿಂದ ಒಣ ತೂಕವನ್ನು ಅಂದಾಜು ಮಾಡುತ್ತೇವೆ. ಹದಿನೈದು ವರ್ಷದ ಮರವೊಂದು ಬೇರು ಸೇರಿ 200 ಕಿಲೋ ಒಣ ತೂಕ ತೂಗುತ್ತದೆ ಎಂದಿಟ್ಟುಕೊಳ್ಳಿ. ಅದರಲ್ಲಿ ಶೇ 47ರಷ್ಟು ಇಂಗಾಲ, ಅಂದರೆ 94 ಕಿಲೋ. ಒಂದು ಕಿಲೋ ಇಂಗಾಲ ಕಟ್ಟಿಕೊಳ್ಳಲು ಮರ 3.67 ಕಿಲೋ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಹೀರಿರುತ್ತದೆ. ಆ ಲೆಕ್ಕದಲ್ಲಿ ಒಂದು ಮರಕ್ಕೆ ಸುಮಾರು 345 ಕಿಲೋ. ಮಾರುಕಟ್ಟೆಯಲ್ಲಿ ಹೀಗೆ ಹೀರಿದ ಒಂದು ಟನ್ನಿಗೆ ಒಂದು ಕ್ರೆಡಿಟ್; ಹೊಗೆ ಉಗುಳುವ ಕಂಪನಿಗಳು ತಮ್ಮ ಲೆಕ್ಕ ಸರಿದೂಗಿಸಲು ಕೊಳ್ಳುವುದು ಇದನ್ನೇ. ಮೂರು ಮರ, ಹದಿನೈದು ವರ್ಷ, ಒಂದು ಕ್ರೆಡಿಟ್.

ಅವರ ಎರಡು ಎಕರೆಯಲ್ಲಿ 120 ಮರ ಉಳಿದರೆ 41 ಟನ್. ಅದರಲ್ಲಿ ಐದನೇ ಒಂದು ಭಾಗವನ್ನು ಆಪತ್ತಿನ ದಾಸ್ತಾನಿಗೆ ಎತ್ತಿಡುತ್ತಾರೆ ಎಂದುಕೊಳ್ಳೋಣ. ನಾಳೆ ಬೆಂಕಿ ಬಿದ್ದರೆ, ಬರ ಬಂದು ಮರ ಒಣಗಿದರೆ ಕೊಂಡವರಿಗೆ ನಷ್ಟವಾಗಬಾರದೆಂದು ಮಾಡಿದ ಏರ್ಪಾಡು ಅದು. ಉಳಿದ 33 ಟನ್ನಿನಲ್ಲಿ ಯೋಜನೆ ನಡೆಸುವವರ ಪಾಲು ಶೇ 40 ಎಂದು ಕರಾರಿನಲ್ಲಿತ್ತು. ರೈತರಿಗೆ ಸಿಗುವುದು 20 ಟನ್. ಟನ್ನಿಗೆ ಸಾವಿರ ರೂಪಾಯಿ ಸಿಕ್ಕರೂ ಒಟ್ಟು 20,000. ವರ್ಷಕ್ಕೆ 1,300 ಚಿಲ್ಲರೆ.

ಅವರು ಒಂದು ಗಳಿಗೆ ಸುಮ್ಮನಿದ್ದು, "ಗುಂಡಿ ತೋಡುವುದಕ್ಕೇ ಇದಕ್ಕಿಂತ ಹೆಚ್ಚಾಗುತ್ತದಲ್ಲ!" ಎಂದರು.

ಸಮ್ಮೇಳನಗಳಲ್ಲಿ ಗಂಟೆಗಟ್ಟಲೆ ಮಾತಾಡಿದರೂ ಹೊರಬರದ ಪ್ರಶ್ನೆ ಇದು. ಕ್ರೆಡಿಟ್ ಹುಟ್ಟುವುದು ಮರ ಬೆಳೆದ ಮೇಲೆ, ಅಳೆದ ಮೇಲೆ, ಹೊರಗಿನ ಪರಿಶೋಧಕರು ಬಂದು ಒಪ್ಪಿದ ಮೇಲೆ. ಅಳತೆಗಳ ನಡುವೆ ಐದು ವರ್ಷದ ಅಂತರವಿದ್ದರೂ ಆಶ್ಚರ್ಯವಿಲ್ಲ. ಖರ್ಚೆಲ್ಲ ಇರುವುದು ಮೊದಲ ಮೂರು ವರ್ಷದಲ್ಲಿ: ಸಸಿ, ಗುಂಡಿ, ಬೇಲಿ, ಬೇಸಿಗೆಯಲ್ಲಿ ಟ್ಯಾಂಕರ್ ನೀರು. ನಡುವಿನ ಈ ಕಂದಕವನ್ನು ಯಾರ ಹಣ ತುಂಬುತ್ತದೆ ಎಂಬುದನ್ನು ಆ ಇಪ್ಪತ್ತೆರಡು ಪುಟಗಳಲ್ಲಿ ಹುಡುಕಿದೆ. ಎಲ್ಲಿಯೂ ಇರಲಿಲ್ಲ. ಇರಲಿಲ್ಲವೆಂದರೆ ಅರ್ಥ, ರೈತರೇ ತುಂಬಬೇಕು.

ಬೇರೆ ದಾರಿ ಇಲ್ಲವೆಂದಲ್ಲ. ಬಾಗೇಪಲ್ಲಿಯ ಕೂಲಿ ಸಂಘದ ಗೋಬರ್ ಗ್ಯಾಸ್ ಯೋಜನೆ 2005ರಲ್ಲಿ ವಿಶ್ವಸಂಸ್ಥೆಯ ಶುದ್ಧ ಅಭಿವೃದ್ಧಿ ವ್ಯವಸ್ಥೆಯಡಿ (ನಮ್ಮಂಥ ದೇಶಗಳಲ್ಲಿ ತಗ್ಗಿಸಿದ ಹೊಗೆಯನ್ನು ಶ್ರೀಮಂತ ದೇಶಗಳಿಗೆ ಕ್ರೆಡಿಟ್ ಆಗಿ ಮಾರುವ ಏರ್ಪಾಡು) ನೋಂದಣಿಯಾಯಿತು. 5,500 ಮನೆಗಳ ಲೆಕ್ಕ ಅದು. ಮರ ನೆಡುವ ಯೋಜನೆಯಲ್ಲ, ಸೌದೆ ಉಳಿಸುವ ಯೋಜನೆ. ಆದರೂ ನಾನು ಹೋದಲ್ಲೆಲ್ಲ ಅದನ್ನೇ ಎತ್ತುತ್ತೇನೆ, ಏಕೆಂದರೆ ಅಲ್ಲಿ ಮುಂದೆ ಹುಟ್ಟಲಿರುವ ಕ್ರೆಡಿಟ್‌ಗಳ ಮೇಲೆ ಕೊಳ್ಳುವವರಿಂದ ಮುಂಗಡ ಪಡೆದು ಆ ಹಣದಲ್ಲಿ ಘಟಕ ಕಟ್ಟಿದರು. ಮಾರುಕಟ್ಟೆ ಬಿದ್ದರೆ ಪೆಟ್ಟು ಹಣವಿದ್ದವರಿಗೆ. ಮಾರುಕಟ್ಟೆ ಬಿದ್ದದ್ದೂ ನಿಜವೇ: 2008ರಲ್ಲಿ 20 ಯೂರೋ ದಾಟಿದ್ದ ಆ ಕ್ರೆಡಿಟ್ಟಿನ ಬೆಲೆ 2012ರ ಕೊನೆಗೆ ಒಂದು ಯೂರೋಗಿಂತ ಕೆಳಗಿಳಿಯಿತು. ಬೆಲೆಯನ್ನೇ ನಂಬಿ ಸ್ವಂತ ಸಾಲ ಮಾಡಿದವರ ಪಾಡು ಏನಾಗಿರಬಹುದು, ಊಹಿಸಿ.

ಕೀನ್ಯಾದ ಗಾಜಿ ಕೊಲ್ಲಿಯಲ್ಲಿ 'ಮಿಕೊಕೊ ಪಮೋಜಾ' ಎಂಬ ಯೋಜನೆಯಿದೆ. ಸುಮಾರು 117 ಹೆಕ್ಟೇರ್ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ವರ್ಷಕ್ಕೆ 3,000 ಟನ್ನಿನ ಆಸುಪಾಸು ಕ್ರೆಡಿಟ್. ಹಣ ಮನೆಮನೆಗೆ ಹಂಚಿಹೋಗುವುದಿಲ್ಲ, ಎಲ್ಲಿ ಖರ್ಚಾಗಬೇಕೆಂದು ಊರಿನವರೇ ಕೂತು ತೀರ್ಮಾನಿಸುತ್ತಾರೆ. ಕುಡಿಯುವ ನೀರಿಗೆ, ಶಾಲೆಯ ಪುಸ್ತಕಕ್ಕೆ ಹೋಗಿದೆ. ಹಂಚಿದರೆ ಒಬ್ಬೊಬ್ಬರಿಗೆ ಬರುವುದು ಪುಡಿಗಾಸು, ಒಟ್ಟಿಗಿಟ್ಟರೆ ನಲ್ಲಿ. ಸಣ್ಣ ಹಿಡುವಳಿಯ ನಮ್ಮಲ್ಲಿಗೆ ನನಗೆ ಹೆಚ್ಚು ಸರಿಕಾಣುವುದು ಈ ಮಾದರಿ.

ದೊಡ್ಡದೆಲ್ಲ ಗಟ್ಟಿ ಎಂದೂ ಇಲ್ಲ. ಜಿಂಬಾಬ್ವೆಯ ಕರಿಬಾ ಯೋಜನೆ ಏಳು ಲಕ್ಷ ಹೆಕ್ಟೇರಿಗೂ ಮಿಕ್ಕಿದ ಕಾಡಿನದು; ಕಾಡು ನಾಶವಾಗದಂತೆ ಉಳಿಸಿದ್ದಕ್ಕೆ ಅಲ್ಲಿ ಕ್ರೆಡಿಟ್. 'ನಾವು ಇಲ್ಲದಿದ್ದರೆ ಇಷ್ಟು ಕಾಡು ನಾಶವಾಗುತ್ತಿತ್ತು' ಎಂಬ ಅಂದಾಜನ್ನೇ ಉಬ್ಬಿಸಲಾಗಿದೆ ಎಂಬ ಆರೋಪ ಬಂದು, ಕ್ರೆಡಿಟ್ ಮಾರುತ್ತಿದ್ದ ಕಂಪನಿ 2023ರಲ್ಲಿ ಕೈತೊಳೆದುಕೊಂಡಿತು. ಅಂದಿನಿಂದ ಕೊಳ್ಳುವವರು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಿದ್ದಾರೆ, ಅದು ಒಳ್ಳೆಯದೇ. ಶಿರಾ ಕಡೆಯ ಆ ರೈತರ ಬದುವಿನಲ್ಲಿ ಅವರ ತಾತ ನೆಟ್ಟ ಹುಣಸೆ ಮರವಿದೆ. ಅದಕ್ಕೆ ಒಂದು ಪೈಸೆಯೂ ಇಲ್ಲ ಎಂದಾಗ ಅವರಿಗೆ ಬೇಸರವಾಯಿತು. ಆದರೆ ಯೋಜನೆ ಬರದಿದ್ದರೂ ಇರುತ್ತಿದ್ದ ಮರವನ್ನು ಲೆಕ್ಕಕ್ಕೆ ಸೇರಿಸಿದರೆ ಅದೂ ಸಣ್ಣ ಕರಿಬಾವೇ.

ದೇಶದ ಮಾರುಕಟ್ಟೆ ಈಗಷ್ಟೇ ಕಣ್ಣು ಬಿಡುತ್ತಿದೆ. 2023ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಕಾರ್ಬನ್ ಕ್ರೆಡಿಟ್ ವಹಿವಾಟು ಯೋಜನೆಯ ಅಧಿಸೂಚನೆ ಹೊರಡಿಸಿತು. 2025ರ ಮಾರ್ಚ್‌ನಲ್ಲಿ ಒಪ್ಪಿದ, ಕ್ರೆಡಿಟ್ ಲೆಕ್ಕ ಹಾಕುವ ಮೊದಲ ವಿಧಾನಗಳಲ್ಲಿ ಕಾಂಡ್ಲಾ ನೆಡುವುದೂ ಇತ್ತು. ಅಘನಾಶಿನಿ ಅಳಿವೆಯ ಕಡೆಯವರು ಗಮನಿಸಬೇಕಾದ ಸಂಗತಿ.

ಮತ್ತೆ ಕರಾರಿಗೆ ಬರುತ್ತೇನೆ. ಹದಿನಾಲ್ಕನೆಯ ಪುಟದಲ್ಲಿ 40 ವರ್ಷ ಮರ ಕಡಿಯಬಾರದು ಎಂದಿತ್ತು. ರೈತರಿಗೆ ಈಗ 58. ಅವರು ನೆಡಬೇಕೆಂದಿದ್ದದ್ದು ಹೆಬ್ಬೇವು, ಎಂಟು ಹತ್ತು ವರ್ಷಕ್ಕೆ ಕಡಿದು ಪ್ಲೈವುಡ್ಡಿಗೆ ಮಾರುವ ಮರ. ಕಡಿದು ಮತ್ತೆ ನೆಡುವ ತೋಟಕ್ಕೂ ಕ್ರೆಡಿಟ್ ಲೆಕ್ಕವಿದೆ, ತೋಟದಲ್ಲಿ ನಿಂತಿರುವ ಇಂಗಾಲದ ದೀರ್ಘಾವಧಿಯ ಸರಾಸರಿಯಷ್ಟಕ್ಕೆ ಮಾತ್ರ. ಆ ಸಾಲು ಇವರ ಪತ್ರದಲ್ಲಿ ಇರಲಿಲ್ಲ. ಕಡಿದರೆ ಪಡೆದದ್ದನ್ನೆಲ್ಲ ಬಡ್ಡಿಸಮೇತ ಹಿಂದಿರುಗಿಸಬೇಕು ಎಂಬ ಸಾಲು ಇತ್ತು.

"ಪಹಣಿ ಯಾರ ಹೆಸರಿನಲ್ಲಿದೆ ಯಜಮಾನರೇ?"

"ನಮ್ಮಪ್ಪನ ಹೆಸರಲ್ಲೇ ಇದೆ. ತೀರಿಕೊಂಡು ಹನ್ನೊಂದು ವರ್ಷವಾಯಿತು. ನಾವು ಮೂವರು ಅಣ್ಣತಮ್ಮಂದಿರು."

ಅಲ್ಲಿಗೆ ನಾನು ಪೆನ್ನು ಕೆಳಗಿಟ್ಟೆ. ಮರ ಯಾರದೆಂದೇ ಕಾಗದದಲ್ಲಿ ಇತ್ಯರ್ಥವಾಗದೆ ಅದು ಹೀರಿದ ಇಂಗಾಲ ಯಾರದೆಂದು ಯಾರು ಹೇಳುತ್ತಾರೆ? ಮೊದಲು ಪೌತಿ ಖಾತೆ ಮಾಡಿಸಿ ಜಮೀನನ್ನು ನಿಮ್ಮ ಹೆಸರುಗಳಿಗೆ ಬರೆಸಿಕೊಳ್ಳಿ, ಆಮೇಲೆ ಮುಂಗಡದ ಮಾತೆತ್ತಿ, ನೆಟ್ಟ ಗುಂಡಿಗೆ ಇಷ್ಟು, ಮೂರನೆಯ ವರ್ಷ ಬದುಕಿರುವ ಸಸಿಗೆ ಇಷ್ಟು ಎಂದು ಕನ್ನಡದಲ್ಲಿ ಬರೆಸಿಕೊಳ್ಳಿ ಎಂದೆ. ಬದುಕುಳಿದ ಸಸಿಗೆ ಪ್ರೋತ್ಸಾಹಧನ ಕೊಡುವ ಅರಣ್ಯ ಇಲಾಖೆಯ ಕೃಷಿ ಅರಣ್ಯ ಯೋಜನೆಯನ್ನೂ ವಿಚಾರಿಸಲು ಹೇಳಿದೆ.

ಜೂನ್‌ನಲ್ಲಿ ಅವರ ಫೋನ್ ಬಂದಿತ್ತು. ಪೌತಿ ಖಾತೆಗೆ ತಮ್ಮಂದಿರಲ್ಲಿ ಒಬ್ಬ ಇನ್ನೂ ಸಹಿ ಹಾಕಿಲ್ಲವಂತೆ. ಇಲಾಖೆಯ ನರ್ಸರಿಯಿಂದ ಅರವತ್ತು ಸಸಿ ತಂದು ಬದುವಿನ ಮೇಲೆ ನೆಟ್ಟಿದ್ದಾರೆ. ಕರಾರುಪತ್ರ ನನ್ನ ಮೇಜಿನ ಮೇಲೆಯೇ ಇದೆ. ವಾಪಸು ಕೇಳಲಿಲ್ಲ.